ಮೈಸೂರಿನ ರೆಸಿಡೆಂಟರ ಕೇರಿ

ದಸರೆಗೆಂದು ಗದಗಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುವ ನಮ್ಮ ಕಡೆಯ ಮಂದಿ ಮೈಸೂರಿನ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ನೋಡಿ ಊರಿಗೆ ಮರಳುತ್ತಾರೆ. ಅರಮನೆಯನ್ನೇ ಅಂಕೆಯಲ್ಲಿಟ್ಟುಕೊಂಡಿದ್ದ ಮನೆಯೊಂದು ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ. ಅದರತ್ತ ಹೋಗುವವರು ಕಡಿಮೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯವರಂತೂ ಅದನ್ನು ನೋಡಲೇಬೇಕು. ಆ ಮನೆಯ ಚರಿತ್ರೆಗೂ ನಮ್ಮ ನೆಲದ ಚರಿತ್ರೆಗೂ ನಂಟಿದೆ.

ದಸರೆಯ ಸಮಯದಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಮೈಸೂರಿನಲ್ಲಿ ಪಾರಂಪರಿಕ ನಡಿಗೆ ಏರ್ಪಡಿಸುತ್ತದೆ. ಟಾಂಗಾ ಸವಾರಿಯೂ ಉಂಟು. ಇತಿಹಾಸ ಬಲ್ಲವರು ಜೊತೆಗಿದ್ದು ವಿವರಿಸುತ್ತಾರೆ. ಪುರಭವನ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ ನೋಡಿದ ಮೇಲೆ ಇನ್ನರ್ಧ ದಿನ ಉಳಿಸಿಕೊಂಡು ಇರ್ವಿನ್ ರಸ್ತೆಗೆ ಬನ್ನಿ.

ಅಲ್ಲಿ ಮೊದಲು ಸಿಗುವುದು ವೆಲಿಂಗ್ಟನ್ ಹೌಸ್. ಅಲಂಕಾರ ಅಷ್ಟಾಗಿ ಇಲ್ಲದ ಕಟ್ಟಡ. 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇಲ್ಲಿ ತಂಗಿದ್ದ. ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡು 1815ರಲ್ಲಿ ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಈಗ ಇಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ.

ಮೊದಲು ಹೇಳಿದ ಆ ಮನೆ ಅದೇ ಆಸುಪಾಸಿನಲ್ಲಿರುವ ಹಳೆಯ ರೆಸಿಡೆನ್ಸಿ, ಅಂದರೆ ಇಂದಿನ ಸರ್ಕಾರಿ ಅತಿಥಿಗೃಹ. 1805ರಲ್ಲಿ, ರೆಸಿಡೆಂಟ್ ಮಾರ್ಕ್ ವಿಲ್ಕ್ಸ್‌ನ ಕಾಲದಲ್ಲಿ ಕಟ್ಟಿದ್ದು. ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದವನೂ ಅವನೇ. ನೆಪೋಲಿಯನ್ ಸೆರೆಯಾಳಾಗಿ ಸೇಂಟ್ ಹೆಲೆನಾ ದ್ವೀಪಕ್ಕೆ ಬಂದಿಳಿದಾಗ ಅಲ್ಲಿನ ಗವರ್ನರ್ ಆಗಿದ್ದವನೂ ಇದೇ ವಿಲ್ಕ್ಸ್! ಸೋಲಿಸಿದವನ ಮನೆ, ಸೆರೆಯಾಳನ್ನು ಬರಮಾಡಿಕೊಂಡವನ ಮನೆ ಎರಡೂ ನಮ್ಮ ಮೈಸೂರಿನ ಒಂದೇ ಕೇರಿಯಲ್ಲಿವೆ. ಹಿಂಭಾಗದ ಭೋಜನಶಾಲೆಯನ್ನು ರೂಪಿಸಿದವನು ಎಂಜಿನಿಯರ್ ಡಿ ಹ್ಯಾವಿಲೆಂಡ್. ನಡುವೆ ಒಂದೂ ಕಂಬವಿಲ್ಲದ ದೊಡ್ಡ ಹಜಾರ ಅದು. ಕಬ್ಬಿಣದ ತೊಲೆಗಳಿಲ್ಲದ ಆ ಕಾಲದಲ್ಲಿ ಅಷ್ಟಗಲದ ಚಾವಣಿ ನಿಲ್ಲಿಸಿದ್ದು ಸಾಮಾನ್ಯ ಕೆಲಸವಲ್ಲ.

ಹೆಸರಿಗೆ ರೆಸಿಡೆಂಟ್ ಈಸ್ಟ್ ಇಂಡಿಯಾ ಕಂಪನಿಯ ರಾಯಭಾರಿ. 1799ರಲ್ಲಿ ಪಟ್ಟಕ್ಕೆ ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಐದೇ ವರ್ಷ. ದಿವಾನ್ ಪೂರ್ಣಯ್ಯ ರಾಜ್ಯಭಾರ ನೋಡಿದರೆ, ಪೂರ್ಣಯ್ಯನವರ ಮೇಲೆ ರೆಸಿಡೆಂಟನ ಕಣ್ಣು. ಸೈನ್ಯದ ಖರ್ಚಿಗೆಂದು ವರ್ಷಕ್ಕೆ ಏಳು ಲಕ್ಷ ಪಗೋಡ ಕಂಪನಿಗೆ ಸಲ್ಲಬೇಕಿತ್ತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್‌ನ ಆದೇಶದಂತೆ ರಾಜ್ಯವೇ ಮಹಾರಾಜರ ಕೈತಪ್ಪಿತು. ಮುಂದೆ ಐವತ್ತು ವರ್ಷ ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆ.

ಇದನ್ನು ಕೇಳುವಾಗ ನಮಗೆ ನಮ್ಮೂರುಗಳು ನೆನಪಾಗಬೇಕು. ಗದಗ, ಮುಂಡರಗಿ ನೇರವಾಗಿ ಇಂಗ್ಲಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜದ್ದು. ಎರಡು ಕಡೆಯೂ ಪಟವರ್ಧನರ ಆಳ್ವಿಕೆ. ಅವರನ್ನು ಕಾಯಲು ದಕ್ಷಿಣ ಮರಾಠಾ ಪ್ರಾಂತ್ಯದ ಪೊಲಿಟಿಕಲ್ ಏಜೆಂಟ್. ಮೈಸೂರಿನ ರೆಸಿಡೆಂಟ್ ಮಾಡುತ್ತಿದ್ದ ಕೆಲಸವೇ ಇಲ್ಲಿ ಏಜೆಂಟನದು. ನರಗುಂದದ ದೊರೆ ಬಾಬಾಸಾಹೇಬ ದತ್ತಕಕ್ಕೆ ಅನುಮತಿ ಕೇಳಿದ, ಕಂಪನಿ ಕೊಡಲಿಲ್ಲ, ಅವನು ಬಂಡೆದ್ದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಏಜೆಂಟ್ ಮ್ಯಾನ್ಸನ್ ಹತನಾದ. ಅವನ ತಲೆ ನರಗುಂದದ ಅಗಸಿಗೆ ತೂಗಿತು. ಮೂರೇ ದಿನಕ್ಕೆ, ಜೂನ್ 1ರಂದು, ಜೊತೆಗೇ ಬಂಡೆದ್ದಿದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದ. ಅದೇ ತಿಂಗಳು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಈಗ ಮೈಸೂರಿನ ಕಥೆ ನೋಡಿ. ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಇಂಗ್ಲಿಷರು ಮೊದಲು ಒಪ್ಪದಿದ್ದರೂ 1867ರಲ್ಲಿ ಮಣಿದರು. 1881ರ ಮಾರ್ಚ್ 25ರಂದು ರಾಜ್ಯ ಮರಳಿ ಬಂತು. ದತ್ತಕ ನಿರಾಕರಿಸಿದರೆ ಏನಾಗುತ್ತದೆಂದು 1857-58ರ ಬಂಡಾಯ ಇಂಗ್ಲಿಷರಿಗೆ ಕಲಿಸಿತ್ತು. ಆ ಬಂಡಾಯದಲ್ಲಿ ನರಗುಂದದ ಪಾಲೂ ಇತ್ತು. ಮೈಸೂರಿಗೆ ರಾಜ್ಯ ಮರಳಿದ್ದರಲ್ಲಿ ನಮ್ಮ ಮಂದಿಯ ರಕ್ತಕ್ಕೂ ಸಲ್ಲಬೇಕಾದ ಪಾಲಿದೆ ಎಂದು ನಾನು ನಂಬಿದ್ದೇನೆ. ಮೈಸೂರಿನ ನಡಿಗೆಗಳಲ್ಲಿ ಈ ಮಾತನ್ನೂ ಹೇಳಬೇಕು.

ನಡಿಗೆಯ ಕೊನೆಗೆ ಊರಿನ ಪಶ್ಚಿಮದಲ್ಲಿರುವ ಹಳೆಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. 1895ರ ಆ ಭವ್ಯ ಕಟ್ಟಡದ ಮುಂದೆ ಸರ್ ಜೇಮ್ಸ್ ಗಾರ್ಡನ್ ಪ್ರತಿಮೆಯಿದೆ. ಎಳೆಯ ಚಾಮರಾಜೇಂದ್ರರ ಪೋಷಕ, ಕೊನೆಯ ಚೀಫ್ ಕಮಿಷನರ್, ರಾಜ್ಯ ಮರಳಿದ ಮೇಲೆ ಮೊದಲ ರೆಸಿಡೆಂಟ್: ಮೂರೂ ಒಬ್ಬನೇ. ಅಷ್ಟು ಹೊತ್ತಿಗೆ ರೆಸಿಡೆಂಟನ ಬಿಡಾರ ಬೆಂಗಳೂರಿನಲ್ಲಿತ್ತು. ಆ ಬಂಗಲೆಯೇ ಈಗಿನ ರಾಜಭವನ.

ಕಾಲಲ್ಲಿ ಕಸುವು ಉಳಿದಿದ್ದರೆ ಆಟೊ ಹಿಡಿದು ಲಲಿತಮಹಲಿಗೂ ಹೋಗಬಹುದು. ವೈಸ್‌ರಾಯ್ ಉಳಿದುಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟರು, ನಕ್ಷೆ ಇ. ಡಬ್ಲ್ಯು. ಫ್ರಿಚ್ಲಿಯದು. ಸರ್ಕಾರಿ ಅತಿಥಿಗೃಹದ ಒಳಗೆ ಹೋಗಲು ಮಾತ್ರ ಅನುಮತಿ ಬೇಕು. ಹತ್ತಾರು ಜನ ಗುಂಪಾಗಿ ಹೋಗುವುದಾದರೆ, ಶಾಲೆಯ ಮಕ್ಕಳಾದರೆ ಇನ್ನೂ ಒಳ್ಳೆಯದು, ಮುಂಚೆಯೇ ಪತ್ರ ಬರೆದು ಕೇಳಿ.