ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ಬಂದರೆ ಎಂಜಿನ್ ಕಥೆ ಮುಗಿದಂತೆಯೇ? ಬ್ರೀದರ್ ಪೈಪ್‌ನಲ್ಲಿ ಆಯಿಲ್ ಇದ್ದರೆ ಏನರ್ಥ?

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಸಿಗುವ ಸಲಹೆಗಳಲ್ಲಿ ಇದೂ ಒಂದು: "ಎಂಜಿನ್ ಆನ್ ಮಾಡಿ, ಆಯಿಲ್ ಕ್ಯಾಪ್ ತೆಗೆಯಿರಿ. ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಎಂಜಿನ್ ಹೋಗಿದೆ ಎಂದರ್ಥ." ಇದರ ಜೊತೆಗೆ ಇನ್ನೊಂದು ಸಲಹೆಯೂ ಇದೆ: "ಏರ್ ಫಿಲ್ಟರ್ ಕಡೆಗೆ ಹೋಗುವ ಪೈಪ್‌ನಲ್ಲಿ ಆಯಿಲ್ ಕಂಡರೆ ಆ ಪೈಪ್ ಬಿಚ್ಚಿ ಹೊರಗೆ ಬಿಡಿ, ಪಿಕಪ್ ಹೆಚ್ಚುತ್ತದೆ." ಮೊದಲನೆಯದು ಅರ್ಧ ಸತ್ಯ. ಎರಡನೆಯದು ತಪ್ಪು ಸಲಹೆ.

ಹೊಗೆ ಎಲ್ಲಿಂದ ಬರುತ್ತದೆ?

ಇಂಧನ ಉರಿದಾಗ ಸಿಲಿಂಡರ್‌ನಲ್ಲಿ ವಾತಾವರಣದ ಹತ್ತಾರು ಪಟ್ಟು ಒತ್ತಡ ಹುಟ್ಟುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗ್‌ಗಳು ಅದನ್ನು ತಡೆಯುತ್ತವೆ. ಆದರೆ ಬಿಸಿಗೆ ಲೋಹ ಹಿಗ್ಗುವುದರಿಂದ ರಿಂಗ್‌ನ ತುದಿಗಳ ನಡುವೆ ಸಣ್ಣ ಸಂದು ಬಿಟ್ಟೇ ಇರುತ್ತಾರೆ. ಹೀಗಾಗಿ ಶೋರೂಮ್‌ನಿಂದ ಈಗಷ್ಟೇ ಬಂದ ಕಾರಿನಲ್ಲೂ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ನುಸುಳುತ್ತದೆ. ಅದರಲ್ಲಿ ಉರಿದ ಹೊಗೆ, ಉರಿಯದ ಇಂಧನ, ನೀರಿನ ಆವಿ ಎಲ್ಲವೂ ಇರುತ್ತದೆ. ಕ್ರ್ಯಾಂಕ್‌ಕೇಸ್‌ನೊಳಗೆ ಬಿಸಿ ಆಯಿಲ್ ಸದಾ ಚಿಮ್ಮುತ್ತಿರುವುದರಿಂದ ಅದರ ಸೂಕ್ಷ್ಮ ಹನಿಗಳೂ ಈ ಅನಿಲದೊಂದಿಗೆ ಸೇರುತ್ತವೆ.

ಕುಕ್ಕರ್‌ನ ಆವಿಗೆ ದಾರಿ ಬೇಕಿರುವಂತೆ ಇದಕ್ಕೂ ಹೊರಹೋಗಲು ದಾರಿ ಬೇಕು. ಹಳೆಯ ಕಾಲದ ಕಾರುಗಳಲ್ಲಿ ಒಂದು ಕೊಳವೆಯ ಮೂಲಕ ಇದನ್ನು ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಲಾಸ್ ಏಂಜಲೀಸ್‌ನ ಹೊಗೆಮಂಜಿನಿಂದ ಬೇಸತ್ತ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, 1961ರಲ್ಲಿ ಈ ಅನಿಲವನ್ನು ಮತ್ತೆ ಎಂಜಿನ್‌ಗೇ ಕಳಿಸಿ ಸುಡುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದೇ ಪಿಸಿವಿ, ಅಂದರೆ ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್. ಇಂದಿನ ಕಾರುಗಳಲ್ಲಿ ಇದು ಸಾಮಾನ್ಯ.

ಪೈಪ್‌ನಲ್ಲಿ ಆಯಿಲ್ ಇದ್ದರೆ?

ಅನಿಲದಿಂದ ಆಯಿಲ್ ಹನಿಗಳನ್ನು ಬೇರ್ಪಡಿಸಲು ಎಂಜಿನ್‌ನೊಳಗೇ ತಡೆಗಳಿರುತ್ತವೆ. ಅವು ಎಲ್ಲ ಹನಿಗಳನ್ನೂ ಹಿಡಿಯಲಾರವು. ಆದ್ದರಿಂದ ಪೈಪ್ ಒಳಗೆ ತೆಳುವಾದ ಆಯಿಲ್ ಪದರ, ಟರ್ಬೊ ಡೀಸೆಲ್ ಕಾರಿನ ಇಂಟರ್‌ಕೂಲರ್ ಪೈಪ್‌ನಲ್ಲಿ ಸ್ವಲ್ಪ ಜಿಡ್ಡು ಇರುವುದು ಸಹಜ. ಬೆರಳಿಗೆ ಅಂಟಿದರೆ ಗಾಬರಿ ಬೇಡ. ಆಯಿಲ್ ಮಡುಗಟ್ಟಿ ನಿಂತಿದ್ದರೆ ಅಥವಾ ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಕಾರಣ ಹುಡುಕಬೇಕು.

ಸಾಮಾನ್ಯ ಕಾರಣಗಳು ಇವು:

• ಆಯಿಲ್ ಜಾಸ್ತಿ ತುಂಬಿರುವುದು. ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ. ಆ ನೊರೆ ಬ್ರೀದರ್ ದಾರಿ ಹಿಡಿಯುತ್ತದೆ.

• ಪಿಸಿವಿ ವಾಲ್ವ್ ಕೆಟ್ಟಿರುವುದು. ತೆರೆದೇ ಉಳಿದರೆ ಎಂಜಿನ್ ಆಯಿಲ್ ಎಳೆದುಕೊಳ್ಳುತ್ತದೆ, ಐಡ್ಲಿಂಗ್‌ನಲ್ಲಿ ನಡುಗುತ್ತದೆ. ಮುಚ್ಚಿಕೊಂಡರೆ ಒಳಗೆ ಒತ್ತಡ ಹೆಚ್ಚಿ ಆಯಿಲ್ ಸೀಲ್‌ಗಳಿಂದ ಸೋರಲು ಶುರುವಾಗುತ್ತದೆ.

• ರಿಂಗ್ ಅಥವಾ ಸಿಲಿಂಡರ್ ಸವೆದಿರುವುದು. ಗ್ಯಾರೇಜ್‌ನವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ.

ಮೂರನೆಯದು ನಿಜವೋ ಎಂದು ತಿಳಿಯಲು ಕಂಪ್ರೆಷನ್ ಟೆಸ್ಟ್ ಅಥವಾ ಲೀಕ್-ಡೌನ್ ಟೆಸ್ಟ್ ಇದೆ. ಹೊಗೆಯನ್ನು ಕಣ್ಣಿನಿಂದ ನೋಡಿಯೇ "ಎಂಜಿನ್ ಇಳಿಸಬೇಕು" ಎಂದರೆ ಒಪ್ಪಬೇಡಿ. ಹಲವು ಬಾರಿ ಒಂದು ವಾಲ್ವ್ ಅಥವಾ ಹೋಸ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಓವರ್‌ಹಾಲ್ ಬಿಲ್ ಕಟ್ಟಬೇಕಾದೀತು.

ಹಾಗಾದರೆ ಕ್ಯಾಪ್ ಪರೀಕ್ಷೆ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಬಿಸಿ ಎಂಜಿನ್‌ನಿಂದ ತೆಳು ಹೊಗೆ ಬರುವುದು ಸಹಜ. ಡೀಸೆಲ್‌ನಲ್ಲಿ ಇದು ಇನ್ನೂ ಹೆಚ್ಚು ಕಾಣಬಹುದು. ಆದರೆ ಹೊಗೆ ರಭಸದಿಂದ ನುಗ್ಗುತ್ತಿದ್ದರೆ, ಸಡಿಲ ಮಾಡಿದ ಕ್ಯಾಪ್ ಕುಣಿದು ಹಾರಿದರೆ, ಎಂಜಿನ್ ಪರೀಕ್ಷೆ ಮಾಡಿಸದೆ ಕಾರು ಕೊಳ್ಳಬೇಡಿ. ಮುಖ ಬಗ್ಗಿಸಿ ನೋಡಬೇಡಿ, ಬಿಸಿ ಆಯಿಲ್ ಸಿಡಿಯುತ್ತದೆ. ದುಪಟ್ಟಾ, ಸೆರಗು ಬೆಲ್ಟ್‌ನಿಂದ ದೂರವಿರಲಿ.

ಕ್ಯಾಪ್ ಅಡಿಯಲ್ಲಿ ಬೆಣ್ಣೆಯಂಥ ಬಿಳಿ ಜಿಡ್ಡು ಕಂಡರೂ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಅಲ್ಲ. ಮಳೆಗಾಲದ ಮಲೆನಾಡಿನಲ್ಲಿ, ದಿನಕ್ಕೆ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಎಂಜಿನ್ ಸರಿಯಾಗಿ ಬಿಸಿಯಾಗದೆ ನೀರಿನ ಆವಿ ಹೀಗೆ ಕೂರಬಹುದು. ಕೂಲಂಟ್ ಮಟ್ಟ ಇಳಿಯುತ್ತಿದ್ದರೆ ಅಥವಾ ಡಿಪ್‌ಸ್ಟಿಕ್‌ನ ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ಮಾತ್ರ ಕಾರು ಓಡಿಸದೆ ತೋರಿಸಿ.

ಪೈಪ್ ಬಿಚ್ಚಿಬಿಟ್ಟರೆ ಏನಾಗುತ್ತದೆ?

ಪಿಕಪ್ ಹೆಚ್ಚುವುದಿಲ್ಲ. ಪೆಟ್ರೋಲ್ ಕಾರಿನಲ್ಲಿ ಅಳತೆಗೆ ಸಿಗದ ಗಾಳಿ ಒಳನುಗ್ಗಿ ಚೆಕ್ ಎಂಜಿನ್ ಲೈಟ್ ಹತ್ತಬಹುದು. ವಿಷಾನಿಲ ಬಾನೆಟ್ ಕೆಳಗೆ ತುಂಬಿ, ಎಸಿ ದಾರಿಯಲ್ಲಿ ನಿಮ್ಮ ಮೂಗಿಗೂ ಬರಬಹುದು. ಪೈಪ್‌ಗೆ ಬಟ್ಟೆ ತುರುಕಿ ಮುಚ್ಚುವುದು ಇನ್ನೂ ಅಪಾಯ: ಒತ್ತಡಕ್ಕೆ ಸೀಲ್‌ಗಳು ಕಿತ್ತು ಬರುತ್ತವೆ. ಆಯಿಲ್ ಹಿಡಿಯುವ ಕ್ಯಾಚ್ ಕ್ಯಾನ್ ಹಾಕಿಸಿದರೆ ಆಗಾಗ ಖಾಲಿ ಮಾಡಲೇಬೇಕು. ಅದರಲ್ಲಿ ನೀರು, ಇಂಧನ ಬೆರೆತಿರುವುದರಿಂದ ಮತ್ತೆ ಎಂಜಿನ್‌ಗೆ ಸುರಿಯಬೇಡಿ, ಚರಂಡಿಗೂ ಬೇಡ. ವಾರಂಟಿ ಇದ್ದರೆ ಮೊದಲು ಕೇಳಿಕೊಳ್ಳಿ.

ಡೀಸೆಲ್ ಕಾರಿನವರು ಇದನ್ನು ಓದಲೇಬೇಕು

ಡೀಸೆಲ್ ಎಂಜಿನ್ ಆಯಿಲ್‌ನಿಂದಲೂ ಓಡಬಲ್ಲದು. ಆಯಿಲ್ ತೀರಾ ಜಾಸ್ತಿಯಾದರೆ ಅಥವಾ ಟರ್ಬೊ ಸೀಲ್ ಹೋದರೆ, ಅದನ್ನೇ ಉರಿಸುತ್ತಾ ಎಂಜಿನ್ ತಾನಾಗಿಯೇ ರೇಸ್ ಆಗುತ್ತದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಕಾರು ನಿಂತಿದ್ದರೆ ಬ್ರೇಕ್ ಪೂರ್ತಿ ಒತ್ತಿ, ಮೇಲಿನ ಗೇರ್‌ಗೆ ಹಾಕಿ ಕ್ಲಚ್ ಬಿಟ್ಟರೆ ಬಂದ್ ಆಗಬಹುದು. ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ತೆಗೆದು ಕೈ ಹಾಕಬೇಡಿ.

ನೀವು ಮಾಡಬೇಕಾದ್ದು ಇಷ್ಟೇ

ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಲಿ, ಮೇಲಿನದನ್ನು ದಾಟದಿರಲಿ. ಆಯಿಲ್ ಬದಲಿಸುವಾಗ ಪಿಸಿವಿ ವಾಲ್ವ್ ಮತ್ತು ಹೋಸ್ ನೋಡಲು ಹೇಳಿ. ಪದೇ ಪದೇ ಆಯಿಲ್ ತುಂಬಿಸಬೇಕಾಗುತ್ತಿದ್ದರೆ ಎಷ್ಟು ಕಿಲೋಮೀಟರ್‌ಗೆ ಎಷ್ಟು ಎಂದು ಬರೆದಿಡಿ. ಹೊಗೆ ನೋಡಿ ಊಹಿಸುವುದಕ್ಕಿಂತ ಆ ಲೆಕ್ಕ ಮೆಕ್ಯಾನಿಕ್‌ಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.