ಗರ್ಭ ನಿಂತ ನೆಲೆ

‘ಗರ್ಭ ನಿಂತಿದೆ’ ಎಂಬುದು ಮನೆಗೆ ಸಂತಸ ತರುವ ಮಾತು. ಆದರೆ ಅದು ಎಲ್ಲಿ ನಿಂತಿದೆ ಎಂಬುದರ ಮೇಲೆ ಕೆಲವೊಮ್ಮೆ ತಾಯಿಯ ಜೀವವೇ ಅವಲಂಬಿಸಿರುತ್ತದೆ.

ಫಲಿತ ಅಂಡವು ಗರ್ಭಕೋಶದಲ್ಲಿ ತನ್ನ ಸಹಜ ನೆಲೆಯನ್ನು ಬಿಟ್ಟು ಬೇರೆಡೆ ಬೇರೂರಿದರೆ ಅದನ್ನು ಎಕ್ಟೋಪಿಕ್ ಗರ್ಭವೆನ್ನುತ್ತಾರೆ. ನೂರರಲ್ಲಿ ಒಂದೆರಡು ಗರ್ಭಗಳು ಹೀಗಾಗುತ್ತವೆ. ಅವುಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ಅಂಡನಾಳದಲ್ಲಿರುತ್ತವೆ. ಉಳಿದ ವಿರಳ ನೆಲೆಗಳು ನುರಿತ ಕಣ್ಣನ್ನೂ ವಂಚಿಸಬಲ್ಲವು.

ಹಿಂದಿನ ಸಿಸೇರಿಯನ್ ಹೆರಿಗೆಯ ಗಾಯದ ಕಲೆಯಲ್ಲಿ ನಿಂತ ಗರ್ಭವು ಸ್ಕ್ಯಾನಿಂಗ್‌ನಲ್ಲಿ ಸಹಜ ಗರ್ಭದಂತೆಯೋ ಗರ್ಭಪಾತದಂತೆಯೋ ತೋರಬಹುದು. ಗರ್ಭಪಾತವೆಂದು ಭಾವಿಸಿ ಗರ್ಭಕೋಶವನ್ನು ಕೆರೆದು ಶುಚಿಗೊಳಿಸಲು ಹೊರಟರೆ ತೀವ್ರ ರಕ್ತಸ್ರಾವವಾದೀತು. ಗರ್ಭಕೊರಳಿನಲ್ಲಿ ನಿಂತ ಗರ್ಭಕ್ಕೂ ಇದೇ ಅಪಾಯವುಂಟು. ಅಂಡನಾಳವು ಗರ್ಭಕೋಶದ ಗೋಡೆಯನ್ನು ಹಾದುಬರುವ ಭಾಗದಲ್ಲಿ ಗರ್ಭ ನಿಂತರೆ, ಸುತ್ತಲಿನ ಸ್ನಾಯು ಹಿಗ್ಗುವುದರಿಂದ ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳಬಹುದು; ಒಡೆದಾಗ ಮಾತ್ರ ರಕ್ತ ಧಾರಾಳವಾಗಿ ಹರಿಯುತ್ತದೆ. ಇನ್ನೂ ವಿರಳವಾಗಿ, ಒಂದು ಭ್ರೂಣ ಗರ್ಭಕೋಶದೊಳಗೆ, ಇನ್ನೊಂದು ಹೊರಗೆ ಇರುವುದುಂಟು. ಪ್ರನಾಳ ಶಿಶು ಚಿಕಿತ್ಸೆ ಪಡೆದವರಲ್ಲಿ ಇದರ ಸಂಭವ ಹೆಚ್ಚು. ಒಳಗಿನದು ಕಂಡಿತೆಂಬ ನೆಮ್ಮದಿಯಲ್ಲಿ ಹೊರಗಿನದರ ಹುಡುಕಾಟ ನಿಂತುಹೋಗುವುದೇ ಇಲ್ಲಿನ ಅಪಾಯ.

ಆದುದರಿಂದ ಗರ್ಭವಿದೆಯೆಂದು ಕಂಡರೆ ಸಾಲದು, ಅದರ ನೆಲೆ ನಿರ್ಧಾರವಾಗಬೇಕು. ಯೋನಿಮಾರ್ಗದ ಸ್ಕ್ಯಾನಿಂಗ್ ಇದಕ್ಕೆ ಮುಖ್ಯ ಸಾಧನ. ಅದರಿಂದಲೂ ಸ್ಪಷ್ಟವಾಗದಿದ್ದಾಗ ರಕ್ತದಲ್ಲಿನ ಎಚ್‌ಸಿಜಿ ಹಾರ್ಮೋನನ್ನು 48 ಗಂಟೆಗಳ ಅಂತರದಲ್ಲಿ ಮತ್ತೆ ಅಳೆದು, ಏರಿಳಿತವನ್ನು ಗಮನಿಸುತ್ತಾರೆ. ಒಂದೇ ಸಲದ ಅಳತೆಯಿಂದ ತೀರ್ಮಾನಕ್ಕೆ ಬರಲಾಗದು.

ಚಿಕಿತ್ಸೆಯೂ ನೆಲೆಯನ್ನು ಅನುಸರಿಸುತ್ತದೆ. ಸ್ಥಿತಿ ಸ್ಥಿರವಾಗಿದ್ದು ಬೇಗ ಪತ್ತೆಯಾದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಔಷಧ ಸಾಕಾಗಬಹುದು; ಆ ಬಳಿಕ ಎಚ್‌ಸಿಜಿ ಇಲ್ಲವಾಗುವವರೆಗೆ ನಿಗಾ ಅಗತ್ಯ. ಗರ್ಭಕೋಶದೊಳಗಿನ ಭ್ರೂಣವನ್ನು ಉಳಿಸಿಕೊಳ್ಳಬೇಕಾದಲ್ಲಿ ಈ ಔಷಧ ಸಲ್ಲದು. ಒಡೆದು ರಕ್ತಸ್ರಾವವಾಗುತ್ತಿದ್ದರೆ ತಕ್ಷಣದ ಶಸ್ತ್ರಚಿಕಿತ್ಸೆಯೊಂದೇ ದಾರಿ. 1883ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಲಾಸನ್ ಟೇಟ್ ಒಡೆದ ಅಂಡನಾಳವನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸಿದಂದಿನಿಂದ ಈ ದಾರಿ ಅಸಂಖ್ಯ ತಾಯಂದಿರನ್ನು ಕಾಪಾಡಿದೆ.

ಮುಟ್ಟು ನಿಂತ ಕೆಲವು ವಾರಗಳಲ್ಲಿ ಕಿಬ್ಬೊಟ್ಟೆಯ ನೋವು, ಅಲ್ಪಸ್ವಲ್ಪ ರಕ್ತ, ಭುಜದ ತುದಿಯ ನೋವು, ತಲೆಸುತ್ತು ಕಂಡರೆ ಕಾಯುತ್ತ ಕೂರಬಾರದು. ಹಿಂದೆ ಸಿಸೇರಿಯನ್ ಆದವರು ಅದನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಿ, ಆರಂಭದಲ್ಲೇ ಸ್ಕ್ಯಾನಿಂಗ್ ಮಾಡಿಸಿಕೊಳ್ಳುವುದು ಕ್ಷೇಮ. ನೆಲೆ ಬೇಗ ತಿಳಿದಷ್ಟೂ ತಾಯಿಯ ಜೀವಕ್ಕೂ ಮುಂದಿನ ಮಾತೃತ್ವಕ್ಕೂ ಭರವಸೆ ಹೆಚ್ಚು.