ದಾಂಪತ್ಯ, ನಿವಾಸ ಮತ್ತು ಪೌರತ್ವ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುತ್ತವೆ. 1953ರ ಅಕ್ಟೋಬರ್ 1ರವರೆಗೆ ಈ ನಾಡು ಮದರಾಸಿನ ಆಡಳಿತಕ್ಕೊಳಪಟ್ಟ ಬಳ್ಳಾರಿ ಜಿಲ್ಲೆಯೊಳಗಿದ್ದಿತು. ಬ್ರಿಟಿಷರ ಕಾಲದಲ್ಲಿ ಇದರ ತೆಂಕಣಕ್ಕೆ ಮೈಸೂರು ಸಂಸ್ಥಾನ, ಪಡುವಣಕ್ಕೆ ತುಂಗಭದ್ರೆಯಾಚೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ, ಬಡಗಣಕ್ಕೆ ನಿಜಾಮನ ರಾಜ್ಯ, ಮೂಡಣಕ್ಕೆ ಸಂಡೂರು ಸಂಸ್ಥಾನ. ಈ ಎಲ್ಲೆಗಳ ಇಕ್ಕೆಲದಲ್ಲಿಯೂ ಕನ್ನಡವೇ ನುಡಿ. ಮೈಲಾರದ ಜಾತ್ರೆಗೂ ಕೊಟ್ಟೂರೇಶ್ವರನ ತೇರಿಗೂ ಎಲ್ಲ ಸೀಮೆಗಳ ಜನರೂ ಕೂಡುತ್ತಿದ್ದರು. ಹೆಣ್ಣು ಕೊಟ್ಟು ತರುವ ಸಂಬಂಧಗಳಿಗೂ ಎಲ್ಲೆಗಳು ಅಡ್ಡಿಯಾಗಿರಲಿಲ್ಲ. ಆದರೆ ಈ ಜನರೆಲ್ಲರ ಪ್ರಜಾತ್ವವು ಒಂದೇ ಆಗಿರಲಿಲ್ಲ. ಹೀಗಿರಲು, ವಿವಾಹದಿಂದ ಪ್ರಜಾತ್ವವು ಎಷ್ಟರಮಟ್ಟಿಗೆ ಬರುತ್ತದೆ, ಸತಿಪತಿಗಳು ಬೇರೆ ಬೇರೆ ಊರುಗಳಲ್ಲಿ ಬಾಳಿದರೆ ಅದಕ್ಕೆ ಭಂಗವುಂಟೆ ಎಂಬ ಪ್ರಶ್ನೆಯನ್ನು ವಿಚಾರಿಸಲು ಈ ನಾಡು ತಕ್ಕ ನಿದರ್ಶನವಾಗಿದೆ.

ಹರಪನಹಳ್ಳಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ದಾವಣಗೆರೆಯಲ್ಲಿ ಹುಟ್ಟಿದವನಾದರೋ ಮೈಸೂರು ಮಹಾರಾಜರ ಪ್ರಜೆ, ಬ್ರಿಟಿಷರ ರಕ್ಷಣೆಗೆ ಮಾತ್ರ ಪಾತ್ರನಾದವನು. 1914ರ ಬ್ರಿಟಿಷ್ ರಾಷ್ಟ್ರೀಯತಾ ಶಾಸನದ 10ನೆಯ ಪ್ರಕರಣವು ಬ್ರಿಟಿಷ್ ಪ್ರಜೆಯ ಹೆಂಡತಿಯನ್ನು ಬ್ರಿಟಿಷ್ ಪ್ರಜೆಯೆಂದೂ ಪರಕೀಯನ ಹೆಂಡತಿಯನ್ನು ಪರಕೀಯಳೆಂದೂ ಎಣಿಸಿತು. ಆ ಶಾಸನದ ಅಕ್ಷರವನ್ನು ಹಿಡಿದರೆ, ದಾವಣಗೆರೆಯಿಂದ ಹರಪನಹಳ್ಳಿಗೆ ಬಂದ ಸೊಸೆಯು ಅರ್ಜಿಯಿಲ್ಲದೆಯೇ ಬ್ರಿಟಿಷ್ ಪ್ರಜೆಯಾಗುತ್ತಿದ್ದಳು. ಆಕೆ ತವರಿನಲ್ಲಿ ವರ್ಷಗಟ್ಟಲೆ ಉಳಿದರೂ ಈ ಸ್ಥಿತಿ ಮಾರ್ಪಡುತ್ತಿರಲಿಲ್ಲ. ಏಕೆಂದರೆ ಹೆಂಡತಿಯು ಎಲ್ಲಿ ವಾಸವಾಗಿದ್ದಾಳೆಂದು ಆ ಪ್ರಕರಣವು ಕೇಳುತ್ತಿರಲಿಲ್ಲ. ಗಂಡನು ಯಾರೆಂದು ಮಾತ್ರ ಕೇಳುತ್ತಿತ್ತು. ವಿವಾಹವೇ ಸರ್ವಸ್ವ, ನಿವಾಸವು ಗೌಣ. ಇದರಿಂದ ಸ್ತ್ರೀಯ ಪ್ರಜಾತ್ವವು ಅವಳದಾಗದೆ ಪತಿಯ ಪ್ರಜಾತ್ವದ ನೆರಳಾಗಿದ್ದಿತು. ವಿವಾಹವಾಗಲಿ ಅದರ ವಿಚ್ಛೇದವಾಗಲಿ ತನ್ನಷ್ಟಕ್ಕೆ ತಾನೇ ಹೆಂಡತಿಯ ರಾಷ್ಟ್ರೀಯತೆಯನ್ನು ಮಾರ್ಪಡಿಸಲಾಗದೆಂಬ ತತ್ತ್ವವು ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ನೆಲೆಗೊಂಡುದು 1957ರಲ್ಲಿ.

ಸ್ವಾತಂತ್ರ್ಯಾನಂತರ ಸತಿಪತಿಗಳ ಅಗಲಿಕೆಯ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆಯೇ ಬಂದಿತು. ಬಿಹಾರದ ಮಹಿಳೆಯೊಬ್ಬರು 1948ರ ಜುಲೈಯಲ್ಲಿ ಕರಾಚಿಗೆ ಹೋದರು. ಅವರ ಪತಿಯೆಂದು ಹೇಳಲಾದವರು ಭಾರತದಲ್ಲಿಯೇ ಇದ್ದರು. ಪತಿಯ ಅಧಿವಾಸವೇ, ಎಂದರೆ ಅವನು ಸ್ಥಿರವಾಗಿ ನೆಲಸಿದ ನಾಡೇ, ಪತ್ನಿಗೂ ಅಧಿವಾಸವಾದುದರಿಂದ ಆಕೆ ಭಾರತದ ಪೌರಳೆಂದು ವಾದಿಸಲಾಯಿತು. 1955ರಲ್ಲಿ ನ್ಯಾಯಾಲಯವು, ಆ ಮಾತನ್ನು ಒಪ್ಪಿಕೊಂಡರೂ, 1947ರ ಮಾರ್ಚ್ 1ರ ಬಳಿಕ ಪಾಕಿಸ್ತಾನಕ್ಕೆ ವಲಸೆ ಹೋದವರನ್ನು ಕುರಿತ ಸಂವಿಧಾನದ 7ನೆಯ ಅನುಚ್ಛೇದವು 5ನೆಯದನ್ನು ಮೀರಿ ನಿಲ್ಲುತ್ತದೆಂದು ತೀರ್ಮಾನಿಸಿತು. ಪತಿಯ ಮನೆಯು ಭಾರತದಲ್ಲಿದ್ದ ಮಾತ್ರಕ್ಕೆ ಪತ್ನಿಗೆ ರಕ್ಷಣೆ ದೊರೆಯಲಿಲ್ಲ. ಆಕೆಯ ಸ್ವಂತ ಪ್ರಯಾಣವೇ ನಿರ್ಣಾಯಕವಾಯಿತು.

ಅದೇ 1955ರಲ್ಲಿ ಪೌರತ್ವ ಶಾಸನವು ಹುಟ್ಟಿತು. ಅದರ 5ನೆಯ ಪ್ರಕರಣದ ಮೊದಲ ಪಾಠವು, ಭಾರತೀಯ ಪೌರರನ್ನು ವಿವಾಹವಾಗಿರುವ ಅಥವಾ ಹಿಂದೆ ವಿವಾಹವಾಗಿದ್ದ ಸ್ತ್ರೀಯರು ನೋಂದಣಿಗೆ ಅರ್ಹರೆಂದು ಹೇಳಿತು. 1986ರ ತಿದ್ದುಪಡಿಯಲ್ಲಿ ‘ಸ್ತ್ರೀಯರು’ ಎಂಬಲ್ಲಿ ‘ವ್ಯಕ್ತಿಗಳು’ ಎಂದಾಯಿತು. ಪುರುಷರಿಗೂ ಬಾಗಿಲು ತೆರೆಯಿತು. ಜೊತೆಗೆ 5 ವರ್ಷಗಳ ನಿವಾಸದ ನಿಬಂಧನೆಯು ಸೇರಿತು. 2003ರ ತಿದ್ದುಪಡಿಯು ಈ ಅವಧಿಯನ್ನು 7 ವರ್ಷಕ್ಕೆ ಏರಿಸಿ, ‘ವಿವಾಹವಾಗಿದ್ದ’ ಎಂಬ ಭೂತಕಾಲದ ಮಾತನ್ನು ಕೈಬಿಟ್ಟಿತು. ಒಂದು ಕ್ರಿಯಾಪದದ ಕಾಲವು ಬದಲಾದುದರಿಂದ, ಬೇರ್ಪಟ್ಟು ವಿಚ್ಛೇದನ ಪಡೆದವರಿಗೆ ಈ ಮಾರ್ಗವು ಮುಚ್ಚಿಹೋಯಿತು.

7 ವರ್ಷಗಳನ್ನು ಎಣಿಸುವ ರೀತಿಯು ಮುಖ್ಯವಾದುದು. ಅರ್ಜಿಗೆ ಮುಂಚಿನ 12 ತಿಂಗಳು ಎಡೆಬಿಡದೆ ಭಾರತದಲ್ಲಿರಬೇಕು. ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷಗಳಿಗೆ ಕಡಮೆಯಾಗದಂತೆ ಇಲ್ಲಿದ್ದಿರಬೇಕು. ವಿಶೇಷ ಕಾರಣವಿದ್ದಲ್ಲಿ ಕೇಂದ್ರ ಸರ್ಕಾರವು ಕಡೆಯ 12 ತಿಂಗಳಲ್ಲಿ ಹೆಚ್ಚೆಂದರೆ 30 ದಿನಗಳ ಗೈರುಹಾಜರಿಯನ್ನು ಮನ್ನಿಸಬಹುದೆಂದು 2015ರಲ್ಲಿ ವಿಧಿಸಲಾಯಿತು.

ಇದರ ಪರಿಣಾಮವನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. ಕೊಟ್ಟೂರಿನವನೊಬ್ಬನು ದುಡಿಮೆಗಾಗಿ ಗಲ್ಫ್ ದೇಶಕ್ಕೆ ಹೋಗಿ, ಅವನ ವಿದೇಶೀ ಪತ್ನಿಯು ಅತ್ತೆಯ ಮನೆಯಲ್ಲಿ ಉಳಿದಿದ್ದರೆ, ಆಕೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಪತಿಯು ಬಳಿಯಲ್ಲಿಲ್ಲವೆಂಬುದು ನಿವಾಸದ ಎಣಿಕೆಗೆ ಕುಂದಲ್ಲ. ಆದರೆ ಕಡೆಯ ವರ್ಷದಲ್ಲಿ ಆಕೆ ಪತಿಯನ್ನು ಕಾಣಲು 2 ತಿಂಗಳು ಹೋಗಿ ಬಂದರೆ 12 ತಿಂಗಳ ಎಣಿಕೆಯು ಮತ್ತೆ ಮೊದಲಿನಿಂದ ಆರಂಭವಾಗಬೇಕು. ಇದಕ್ಕೆ ವಿಪರ್ಯಾಸವಾಗಿ, ಪತಿಯು ಕೂಡ್ಲಿಗಿಯಲ್ಲಿದ್ದು ಪತ್ನಿಯು ಪರದೇಶದಲ್ಲಿ ವಾಸಿಸಿದರೆ, ದಾಂಪತ್ಯವು ಎಷ್ಟೇ ಗಾಢವಾಗಿರಲಿ, ಆಕೆಗೆ ಒಂದು ದಿನವೂ ಸಲ್ಲುವುದಿಲ್ಲ. ಅಂತು ಪತಿಯಿಂದ ಅಗಲಿರುವುದು ಬಾಧಕವಲ್ಲ, ದೇಶದಿಂದ ಅಗಲಿರುವುದು ಬಾಧಕ. ಒಂದೇ ಪಯಣದಲ್ಲಿ ಇವೆರಡೂ ಹೆಣೆದುಕೊಂಡಾಗ ದಂಪತಿಗಳು ಸಂಗವನ್ನೋ ಪೌರತ್ವದ ಕಾಲವನ್ನೋ ಆರಿಸಿಕೊಳ್ಳಬೇಕಾಗುತ್ತದೆ.

ಅರ್ಜಿಯು ಅರ್ಜಿದಾರರು ವಾಸವಾಗಿರುವ ಜಿಲ್ಲೆಯ ಕಲೆಕ್ಟರರಿಗೆ ಸಲ್ಲಬೇಕು. ಈ ಐದು ತಾಲ್ಲೂಕುಗಳಿಗೆ ಆ ಕಚೇರಿಯು ಹೊಸಪೇಟೆಯಲ್ಲಿದೆ. ವೀಸಾದ ಅವಧಿ ಮೀರಿ ನಿಂತವರು ಅಕ್ರಮ ವಲಸಿಗರೆನಿಸಿ ಅನರ್ಹರಾಗುತ್ತಾರೆ. ಅರ್ಹತೆಯಿದ್ದರೂ ನೋಂದಣಿಯು ಕೇಂದ್ರ ಸರ್ಕಾರದ ವಿವೇಚನೆಗೆ ಸೇರಿದುದು. ಅದಕ್ಕೆ ಮುನ್ನ ನಿಷ್ಠೆಯ ಪ್ರಮಾಣವನ್ನು ಸ್ವೀಕರಿಸಬೇಕು.

ಈ ಶಾಸನವನ್ನು ಕನ್ನಡದಲ್ಲಿ ವಿವರಿಸುವವರು ‘ವಾಸ’ ಮತ್ತು ‘ಸಹವಾಸ’ ಎಂಬ ಪದಗಳ ಭೇದವನ್ನು ಮರೆಯಲಾಗದು. ಪ್ರಕರಣವು ಬೇಡುವುದು ವಾಸವನ್ನು. ‘ಗಂಡನ ಮನೆಯಲ್ಲಿ ಬಾಳುವೆ ಮಾಡಿರಬೇಕು’ ಎಂದು ಅದಕ್ಕೆ ಅರ್ಥ ಹೇಳಿದರೆ, ಅರ್ಹಳಾದವಳು ಅಂಜಿ ಹಿಂದೆಗೆಯುವಂತಾದೀತು. ಮದುವೆಯೊಂದೇ ಸಾಕೆಂದು ಹೇಳಿದರೆ, ಅನರ್ಹಳಾದವಳು ವೃಥಾ ಕಾದು ಕುಳಿತಾಳು. ಹಳೆಯ ಶಾಸನದಲ್ಲಿ ವಿವಾಹವೇ ಪ್ರಜಾತ್ವವನ್ನು ತರುತ್ತಿತ್ತು. ಇಂದಿನದರಲ್ಲಿ ವಿವಾಹವು ಬಾಗಿಲನ್ನು ತೆರೆಯುತ್ತದೆ, ಒಳಗೆ ಬರಲು ಅರ್ಜಿದಾರರು ಈ ನೆಲದಲ್ಲಿ ತಾವೇ ಕಳೆದ ದಿನಗಳು ಬೇಕು.